ಕೆರೆಗೂ ಕಡಲಿಗೂ ಒಂದೇ ಗಾಳದ ಸೆಟ್ಟು: ಯಾವ ರಾಡು, ಯಾವ ರೀಲು ತಗೊಳ್ಳಲಿ?

ಕುಣಿಗಲ್ ಕಡೆಯವನು

ಎಲ್ಲರಿಗೂ ನಮಸ್ಕಾರ. ನಾನು ಕುಣಿಗಲ್ ತಾಲ್ಲೂಕಿನವನು, ಕೆಲಸ ತುಮಕೂರು ಪಕ್ಕ ವಸಂತನರಸಾಪುರದ ಕಾರ್ಖಾನೆಯಲ್ಲಿ. ವಾರಕ್ಕೊಂದು ರಜೆ. ಆ ದಿನ ಮಾರ್ಕೋನಹಳ್ಳಿ ಹಿನ್ನೀರಲ್ಲೋ ನಮ್ಮೂರ ಕೆರೆ ಏರಿ ಮೇಲೋ ಇರ್ತೀನಿ. ಇಲ್ಲಿವರೆಗೂ ಬಿದಿರು ಕಡ್ಡಿ, ನೈಲಾನ್ ದಾರ, ಬೆಂಡು, ಎರೆಹುಳ, ಇಷ್ಟರಲ್ಲೇ ಜಿಲೇಬಿ, ಗೆಂಡೆ, ಒಂದೆರಡು ಸಲ ಕೊರಮೀನು ಹಿಡಿದಿದೀನಿ.

ಹೋದ ತಿಂಗಳು ಎರಡು ಸಂಗತಿ ನಡೀತು. ಒಂದು, ಹಿನ್ನೀರಲ್ಲಿ ಕಡ್ಲೆ ಹಿಂಡಿ ಉಂಡೆಗೆ ದೊಡ್ಡ ಮೀನೊಂದು ಬಿತ್ತು. ರೋಹುನೋ ಕಾಟ್ಲಾನೋ, ಮುಖ ನೋಡೋಕೂ ಬಿಡಲಿಲ್ಲ. ಒಂದೇ ಎಳೆತಕ್ಕೆ ಕಡ್ಡಿ ನಡುವಿಗೆ ಸೀಳ್ತು, ದಾರ ಹೋಯ್ತು. ಇನ್ನೊಂದು, ಅಕ್ಕನ ಮನೆಗೆ ಅಂತ ಕುಂದಾಪುರಕ್ಕೆ ಹೋಗಿದ್ದಾಗ ಭಾವ ಗಂಗೊಳ್ಳಿ ಅಳಿವೆ ಹತ್ರ ಕರ್ಕೊಂಡು ಹೋದ್ರು. ಅಲ್ಲಿ ಹುಡುಗರು ರಾಡು ಬೀಸಿದ್ರೆ ಸೀಸ ಹೋಗಿ ಎಲ್ಲೋ ಅಲೆಯಾಚೆ ಬೀಳ್ತಿತ್ತು. ನಾನು ಕೈಕಟ್ಟಿ ನಿಂತು ನೋಡಿದೆ. ಭಾವನವರು ವರ್ಷಕ್ಕೆ ನಾಲ್ಕೈದು ಸಲ ಕರೀತಾರೆ, ಈಗ ಹೋಗದೇ ಇರೋಕೆ ಆಗಲ್ಲ.

ನನ್ನ ಹತ್ರ 7,000 ರೂಪಾಯಿ ಇದೆ. ಎರಡು ಸೆಟ್ ತಗೊಳ್ಳೋ ಶಕ್ತಿ ಇಲ್ಲ. ಆನ್‌ಲೈನ್‌ನಲ್ಲಿ ಒಂದು ಮಡಚೋ ರಾಡು-ರೀಲು ಜೋಡಿ ತರಿಸಿದ್ದೆ, ಮೂರನೇ ಬೀಸಿಗೇ ತುದಿ ಮುರೀತು. ಅಂಗಡಿಯವರೊಬ್ಬರು ‘ಸಮುದ್ರದ್ದು ಕೆರೆಗೆ ಭಾರ, ಕೆರೆದು ಸಮುದ್ರಕ್ಕೆ ತುಕ್ಕು, ಎರಡೂ ಬೇರೆ ತಗೊಳ್ಳಿ’ ಅಂದ್ರು. ನಿಜವಾಗಲೂ ಒಂದರಲ್ಲೇ ಆಗಲ್ವಾ? ಬಸ್ಸಲ್ಲಿ ಹೋಗೋನು ನಾನು, ಅದನ್ನೂ ನೋಡ್ಕೊಂಡು ಹೇಳಿ.

ಕೋಲಾರ ಗಾಳ

ಬ್ರದರ್, ನನ್ನ ಪ್ರಕಾರ ಈಗ ಕೆರೆಗೊಂದು ಸಾಧಾರಣ ಸೆಟ್ ತಗೊಂಡು ಕೈ ಕೂರಿಸ್ಕೊಳ್ಳಿ. ಬೆಂಗಳೂರಿಂದ ಶುದ್ಧ ಮಾಡಿ ಬಿಡೋ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮ ಕಡೆ ಕೆರೆಗಳು ತುಂಬಿ ಗಾಳ ಹಾಕೋರು ಜಾಸ್ತಿ ಆಗಿದಾರೆ. ಹೊಸಬರು ಎಲ್ಲರೂ ಮಾಡೋ ತಪ್ಪು ಒಂದೇ: ಮೊದಲನೇ ದಿನವೇ ಹತ್ತಡಿ ರಾಡು, ದೊಡ್ಡ ರೀಲು. ಅರ್ಧ ದಿನಕ್ಕೆ ಭುಜ ಬಿದ್ದೋಗುತ್ತೆ. ಏಳಡಿ ರಾಡು, 2500 ಸೈಜಿನ ರೀಲು, 12 ಪೌಂಡ್ ಎಳೆತ ತಡೆಯೋ ನೈಲಾನ್ ದಾರ. ಸಮುದ್ರಕ್ಕೆ ಹೋದಾಗ ಭಾವನವರ ಕಡೆಯವರದ್ದು ಕೇಳಿ ಇಸ್ಕೊಳ್ಳಿ. ದುಡ್ಡು ಕೂಡಿದ ಮೇಲೆ ಇನ್ನೊಂದು.

ವೈಂಡಿಂಗ್ ಅಂಗಡಿ, ಗುಬ್ಬಿ

ತಮ್ಮ, ನಂದು ಗುಬ್ಬಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮೂವತ್ತು ವರ್ಷದಿಂದ ಪಂಪ್‌ಸೆಟ್ ಬಿಚ್ಚಿ ಕಟ್ಟಿರೋ ಕೈ ಇದು. ರೀಲು ಅಂದ್ರೆ ನನ್ನ ಕಣ್ಣಿಗೆ ಒಂದು ಪುಟ್ಟ ಗೇರ್ ಬಾಕ್ಸು. ಹಿಡಿ ತಿರುಗಿಸಿದ್ರೆ ದೊಡ್ಡ ಗೇರು ಪಿನಿಯನ್ನನ್ನ ತಿರುಗಿಸುತ್ತೆ, ಅದು ದಾರ ಸುತ್ತುತ್ತೆ. ಮೇಲೆ 5.2:1 ಅಂತ ಬರೆದಿದ್ರೆ ಹಿಡಿ ಒಂದು ಸುತ್ತು, ತಲೆ ಐದು ಚಿಲ್ಲರೆ ಸುತ್ತು. ನಿನಗೆ ಅದು ಸಾಕು.

ಒಂದರಲ್ಲೇ ಆಗುತ್ತೆ. ಕೋಲಾರದವರು ಭುಜದ ವಿಷಯ ಹೇಳಿದ್ದು ಸರಿ, ಇಸ್ಕೊಳ್ಳೋ ವಿಷಯ ನಾನು ಒಪ್ಪಲ್ಲ. ಇನ್ನೊಬ್ಬರ ರೀಲು ಸಮುದ್ರಕ್ಕೆ ಇಸ್ಕೊಂಡು ಹೋಗೋದು ದೊಡ್ಡ ಜವಾಬ್ದಾರಿ. ಅಂಗಡಿಯವರು ಹೇಳಿದ ಮಾತನ್ನ ಎರಡು ಭಾಗ ಮಾಡಿ ನೋಡು. ಕೆರೆ ರೀಲನ್ನ ಸಮುದ್ರಕ್ಕೆ ಒಯ್ದರೆ ಕೆಡುತ್ತೆ, ನಿಜ. ಆದ್ರೆ ಸಮುದ್ರದ ರೀಲನ್ನ ಕೆರೆಗೆ ತಂದ್ರೆ ಅದಕ್ಕೇನೂ ಆಗಲ್ಲ. ಭಾರ ಅನ್ನೋದು ರೀಲಿನ ಸೈಜಿಗೆ ಸಂಬಂಧಪಟ್ಟಿದ್ದೇ ಹೊರತು ಉಪ್ಪು ತಡೆಯೋ ಗುಣಕ್ಕಲ್ಲ. ಹಾಗಾಗಿ ರೀಲನ್ನ ನೀರು ನೋಡಿ ತಗೋ, ರಾಡನ್ನ ಮೀನು ನೋಡಿ ತಗೋ. ನಿನ್ನ 7,000ದಲ್ಲಿ 4,000ಕ್ಕಿಂತ ಜಾಸ್ತಿ ರೀಲಿಗೇ ಹೋಗಲಿ.

ಇದನ್ನ ನಾನು ಕಲಿತಿದ್ದು ಒಂದು ರೀಲು ಕಳ್ಕೊಂಡು. ಹತ್ತು ವರ್ಷದ ಹಿಂದೆ ಮಗಳು ಓದ್ತಿದ್ದ ಊರು ಅಂತ ಮಂಗಳೂರಿಗೆ ಹೋದಾಗ ಕೆರೆ ರೀಲನ್ನೇ ಒಯ್ದಿದ್ದೆ. ಬೆಳಗಿಂದ ಸಂಜೆವರೆಗೆ ಗಾಳ ಹಾಕಿ, ಒದ್ದೆ ಟವೆಲ್‌ನಲ್ಲೇ ಸುತ್ತಿ ಚೀಲಕ್ಕೆ ಹಾಕಿ, ರಾತ್ರಿ ಬಸ್ ಹತ್ತಿದೆ. ಮನೆಗೆ ಬಂದವನು ಅಟ್ಟದ ಮೇಲಿಟ್ಟೆ. ಎರಡು ತಿಂಗಳಾದ ಮೇಲೆ ತೆಗೆದ್ರೆ ಹಿಡಿ ಅಲ್ಲಾಡಲಿಲ್ಲ. ಬೆಂಚಿನ ಮೇಲೆ ಬಿಚ್ಚಿದೆ. ಪಕ್ಕದ ಮುಚ್ಚಳದ ಒಳಗೆ ಸ್ಕ್ರೂ ಸುತ್ತ ಬಿಳಿ ಪುಡಿ, ಉಗುರಲ್ಲಿ ಕೆರೆದ್ರೆ ಸುಣ್ಣದ ಥರ ಉದುರ್ತಿತ್ತು. ಬೇರಿಂಗ್ ಹೊರಗೆ ತಟ್ಟಿದೆ, ಕಾಫಿ ಪುಡಿ ಬಣ್ಣದ ರಸ ಇಳೀತು, ಗುಂಡುಗಳು ಒಂದಕ್ಕೊಂದು ಅಂಟಿದ್ವು. ಪಾವಗಡ ಕಡೆ ಉಪ್ಪು ಬೋರ್‌ವೆಲ್‌ನಿಂದ ಎತ್ತಿದ ಮೋಟಾರುಗಳಲ್ಲಿ ಇಂಥದ್ದು ನೋಡಿದ್ದೆ, ಅದಕ್ಕೆ ವರ್ಷಗಳು ಬೇಕಾಗಿದ್ವು. ಇಲ್ಲಿ ಎರಡೇ ತಿಂಗಳು.

ಸಮುದ್ರದ ನೀರು ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೀರು ಆರುತ್ತೆ, ಉಪ್ಪು ಒಳಗೇ ಕೂರುತ್ತೆ, ಗಾಳಿಯಲ್ಲಿರೋ ತೇವ ಎಳ್ಕೊಂಡು ಮತ್ತೆ ಒದ್ದೆಯಾಗುತ್ತೆ. ಅಟ್ಟದ ಮೇಲೆ ಕೂತಿದ್ರೂ ಆ ಕೆಲಸ ನಡೀತಾನೇ ಇರುತ್ತೆ. ಅಲ್ಯುಮಿನಿಯಂ ಬಾಡಿಗೆ ಸ್ಟೀಲ್ ಸ್ಕ್ರೂ ತಾಗಿ ನಡುವೆ ಉಪ್ಪುನೀರು ನಿಂತ್ರೆ ಅದು ಬ್ಯಾಟರಿಯ ಹಾಗೇ, ಅಲ್ಯುಮಿನಿಯಂ ಕರಗ್ತಾ ಬರುತ್ತೆ. ನಾನು ನೋಡಿದ ಬಿಳಿ ಪುಡಿ ಅದೇ.

ಈಗ ಆರಿಸೋದು. ರೀಲು ಸ್ಪಿನ್ನಿಂಗ್ ರೀಲೇ ಆಗಿರಲಿ, ಸೈಜು 4000. ಈ ಸಂಖ್ಯೆ ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ, ಅದಕ್ಕೇ ಕೈಯಲ್ಲಿ ಹಿಡಿದು ನೋಡು, 20 ಪೌಂಡಿನ ಬ್ರೇಡ್ (ಹೆಣೆದ) ದಾರ ಸುಮಾರು 200 ಮೀಟರ್ ಹಿಡಿಯೋ ಹಾಗಿರಬೇಕು. 2500 ನಮ್ಮ ಗೆಂಡೆಗೆ ಸಾಕು, ಅಳಿವೆಯಲ್ಲಿ ಓಡೋ ಮೀನಿಗೆ ದಾರ ಸಾಲಲ್ಲ. 6000 ತಗೊಂಡ್ರೆ ಕೆರೆಯಲ್ಲಿ ಕೊರಮೀನಿಗೆ ರಬ್ಬರ್ ಕಪ್ಪೆ ಬೀಸಿ ಬೀಸಿ ಮಣಿಕಟ್ಟು ನೋಯುತ್ತೆ. ಡಬ್ಬದ ಮೇಲೆ ಸಾಲ್ಟ್ ವಾಟರ್ ಅಂತ ಇದೆಯಾ ನೋಡು, ಬೇರಿಂಗ್ ಸ್ಟೇನ್‌ಲೆಸ್ಸಾ ಕೇಳು. ‘ಹನ್ನೊಂದು ಬೇರಿಂಗ್’ ಅಂತ ದೊಡ್ಡದಾಗಿ ಬರೆದಿರೋದಕ್ಕೆ ಮರುಳಾಗಬೇಡ. ಪ್ರತಿ ಬೇರಿಂಗೂ ತುಕ್ಕು ಹಿಡಿಯೋಕೆ ಒಂದು ಜಾಗ. ಒಳ್ಳೇ ನಾಲ್ಕು ಇದ್ರೆ ಅಗ್ಗದ ಹನ್ನೊಂದಕ್ಕಿಂತ ಮೇಲು. ಪ್ಲಾಸ್ಟಿಕ್ ಥರದ ಗ್ರಾಫೈಟ್ ಬಾಡಿ ಇದ್ರೆ ಬೇಜಾರು ಮಾಡ್ಕೋಬೇಡ, ಬಾಡಿಯಂತೂ ತುಕ್ಕು ಹಿಡಿಯಲ್ಲ.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಇಷ್ಟು ಮಾಡು. ದಾರ ಹಾಯೋ ಜಾಗದಲ್ಲಿ, ಬಾಗಿದ ತಂತಿಯ ಬುಡದಲ್ಲಿ, ಕಡ್ಲೆಬೀಜದಷ್ಟು ಒಂದು ರೋಲರ್ ಇರುತ್ತೆ. ಉಗುರಿಂದ ತಿರುಗಿಸು. ಸಲೀಸಾಗಿ ತಿರುಗಬೇಕು. ಇಡೀ ರೀಲಿನಲ್ಲಿ ಮೊದಲು ಕೆಡೋದು ಅದೇ, ಯಾಕಂದ್ರೆ ಒದ್ದೆ ದಾರ ಉಪ್ಪು ತಂದು ಸುರಿಯೋದು ಅದರ ಮೇಲೇನೇ. ಅದು ಸಿಕ್ಕಾಕ್ಕೊಂಡ್ರೆ ದಾರ ಒಂದೇ ಗೆರೆಯಲ್ಲಿ ಉಜ್ಜಿ ಗೀರು ಬೀಳುತ್ತೆ, ಆ ಗೀರು ಮತ್ತೆ ದಾರವನ್ನ ಕೊಯ್ಯುತ್ತೆ. ಆಮೇಲೆ ಡ್ರ್ಯಾಗ್, ಅಂದ್ರೆ ಮೀನು ಜಗ್ಗಿದಾಗ ದಾರ ಬಿಟ್ಟುಕೊಡೋ ಬ್ರೇಕು, ಸಡಿಲ ಬಿಟ್ಟು ದಾರ ನಿಧಾನ ಎಳಿ, ಝರ್ರಂತ ಒಂದೇ ಸಮ ಬರಬೇಕು. ತಡವರಿಸಿ ಜರಕ್ ಜರಕ್ ಅಂತ ಬಂದ್ರೆ ಆ ರೀಲು ವಾಪಸ್ ಕೊಡು. ನಿನ್ನ ದೊಡ್ಡ ಮೀನು ಹೋಗಿದ್ದೂ ಅಲ್ಲೇ: ಬಿದಿರಿಗೆ ಬಿಟ್ಟುಕೊಡೋ ಗುಣ ಇಲ್ಲ.

ಬಿಡಿ ಸ್ಪೂಲ್, ಅಂದ್ರೆ ದಾರ ಸುತ್ತೋ ಇನ್ನೊಂದು ಉರುಳೆ, ಸಿಗುತ್ತಾ ಅಂತ ಕೇಳೋದು ಮರೀಬೇಡ. ಒಂದು ಸ್ಪೂಲಿಗೆ 12 ಪೌಂಡಿನ ನೈಲಾನ್, ಇನ್ನೊಂದಕ್ಕೆ 20 ಪೌಂಡಿನ ಬ್ರೇಡ್. ಹಿಂಡಿ ಉಂಡೆ ಹಾಕಿ ರೋಹು ಕಾಯೋವಾಗ ನೈಲಾನ್ ಒಳ್ಳೇದು, ಅದು ಸ್ವಲ್ಪ ಹಿಗ್ಗುತ್ತೆ, ಮೀನಿನ ಮೆತ್ತನೆ ಬಾಯಿ ಹರಿಯಲ್ಲ. ಅಳಿವೆಗೆ ಬ್ರೇಡ್, ಸಣ್ಣ ದಾರವಾದ್ರಿಂದ ದೂರ ಹೋಗುತ್ತೆ. ಸ್ಪೂಲ್ ಬದಲಾಯಿಸೋಕೆ ಒಂದು ನಿಮಿಷ ಬೇಡ. ನೀನು ಕೇಳಿದ ‘ಒಂದರಲ್ಲೇ ಎರಡು’ ನನ್ನ ಲೆಕ್ಕದಲ್ಲಿ ಇದೇ.

ರಾಡು ಎಂಟಡಿ, ಎರಡು ತುಂಡಿನದು, ಮೀಡಿಯಂ ಹೆವಿ (ಸ್ವಲ್ಪ ಗಡಸು), 10ರಿಂದ 40 ಗ್ರಾಂ ತೂಕ ಬೀಸೋದು. ಏಳಡಿಯಲ್ಲಿ ಅಲೆ ದಾಟಿಸೋದು ಕಷ್ಟ, ಹತ್ತಡಿಯಲ್ಲಿ ಕೆರೆ ಏರಿ ಮೇಲಿನ ಜಾಲಿ ಗಿಡಕ್ಕೆ ತಗಲಿಸೋದೇ ಕೆಲಸ. ಮಡಚೋ ರಾಡು ಮತ್ತೆ ಬೇಡ, ಒಂದರೊಳಗೊಂದು ಕೂರೋ ಜಾಗದಲ್ಲಿ ಮರಳು, ಉಪ್ಪು ಹೊಕ್ಕು ಕಚ್ಚಿಕೊಳ್ಳುತ್ತೆ. ಪೂರ್ತಿ ಕಾರ್ಬನ್‌ಗಿಂತ ಫೈಬರ್ ಗ್ಲಾಸ್ ಬೆರೆತಿರೋದು ನಿನಗೆ ಸರಿ, ಬಸ್ಸಲ್ಲಿ ಬಂಡೆಯಲ್ಲಿ ಪೆಟ್ಟು ತಡೆಯುತ್ತೆ. ಕಾರ್ಬನ್ ಇರೋ ರಾಡು ಕರೆಂಟ್ ಹರಿಸುತ್ತೆ ಅನ್ನೋದು ನೆನಪಿರಲಿ. ತೋಟದ ಪಕ್ಕದ ಕೆರೆಗಳ ಮೇಲೆ ಲೈನ್ ಹಾದಿರುತ್ತೆ, ಅದರ ಕೆಳಗೆ ರಾಡು ಎತ್ತಬೇಡ. ಗುಡುಗು ಮಿಂಚು ಶುರುವಾದ್ರೆ ಮಡಗಿ ಎದ್ದುಬಿಡು. ಕರೆಂಟಿನ ಕೆಲಸ ಮಾಡೋನು ನಾನು, ಇದನ್ನ ಕೈಮುಗಿದು ಹೇಳ್ತೀನಿ.

ರಾಡಿನ ಉಂಗುರಗಳ ಕಾಲು ಸ್ಟೇನ್‌ಲೆಸ್ ಇರಬೇಕು, ಒಳಗಿನ ಬಳೆ ಪಿಂಗಾಣಿ ಥರದ್ದು. ಒಂದು ಚೂರು ಹತ್ತಿ ತಗೊಂಡು ಒಂದೊಂದು ಉಂಗುರದ ಒಳಗೂ ಎಳಿ. ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಸಣ್ಣ ಬಿರುಕಿದೆ, ಬ್ರೇಡ್ ಹಾಕಿದ ವಾರಕ್ಕೆ ದಾರ ಕತ್ತರಿಸುತ್ತೆ. ಬಸ್ಸಿಗೆ ನಾನು ಮಾಡ್ಕೊಂಡಿರೋದು 75 ಎಂಎಂ ಪಿವಿಸಿ ಪೈಪು, ನಾಲ್ಕು ಅಡಿ ಮೂರು ಇಂಚು, ಎರಡೂ ಕಡೆ ಕ್ಯಾಪು. ಪಂಪ್‌ಸೆಟ್ ಅಂಗಡಿಯಲ್ಲಿ ತುಂಡು ಕೇಳಿದ್ರೆ ಕೊಡ್ತಾರೆ.

ಕೊನೇ ಮಾತು ಎಣ್ಣೆದು. ನಮ್ಮ ಜಿಲ್ಲೆಯಲ್ಲಿ ಮನೆಮನೇಲೂ ಕೊಬ್ಬರಿ ಎಣ್ಣೆ, ನಾನೂ ಅದನ್ನೇ ಬಿಟ್ಟಿದ್ದೆ. ಡಿಸೆಂಬರ್ ಬೆಳಿಗ್ಗೆ ಗುಬ್ಬಿ ಕೆರೆಗೆ ಹೋದ್ರೆ ಎಣ್ಣೆ ಹೆಪ್ಪುಗಟ್ಟಿ ರೋಲರ್ ನಿಂತುಬಿಟ್ಟಿತ್ತು, ಬೇಸಿಗೆಯಲ್ಲಿ ಅದೇ ಗೋಂದಾಯ್ತು. ಹೊಲಿಗೆ ಮಷಿನ್ ಎಣ್ಣೆ ಬೇರಿಂಗಿಗೂ ರೋಲರಿಗೂ ಒಂದೊಂದು ತೊಟ್ಟು, ಗೇರಿಗೆ ರೀಲ್ ಗ್ರೀಸು. ಡ್ರ್ಯಾಗ್ ಬಿಲ್ಲೆಗಳಿಗೆ ಮಾತ್ರ ಎಣ್ಣೆ ತಾಕಿಸಬೇಡ.

ಗಂಗೊಳ್ಳಿ ಅಳಿವೆ

ನಿಮ್ಮ ಭಾವ ಕರ್ಕೊಂಡು ಬಂದ ಜಾಗ ನಮ್ಮದೇ ಮಾರಾಯ್ರೆ. ಐದು ಹೊಳೆ ಒಟ್ಟಿಗೆ ಸಮುದ್ರ ಸೇರುವಲ್ಲಿ ನೀರಿನ ಎಳೆತ ಜೋರು ಉಂಟು. 4000 ಸಾಕು, ಎಂಟಡಿಯೂ ಸಾಕು. ದೋಣಿಯಲ್ಲಿ ಹೋಗಿ ಅಂಜಲ್ ಹಿಡಿಯುವುದಾದರೆ ಮಾತ್ರ ಬೇರೆ ದೊಡ್ಡದು ಬೇಕು, ಅದನ್ನು ಈಗ ಯೋಚಿಸಬೇಡಿ.

ಗುಬ್ಬಿಯ ಅಣ್ಣ ಎಲ್ಲ ಹೇಳಿದ್ದಾರೆ, ಲೀಡರ್ ಒಂದು ಬಿಟ್ಟಿದ್ದಾರೆ. ಬ್ರೇಡ್ ತುದಿಗೆ ನೇರ ಗಾಳ ಕಟ್ಟಬೇಡಿ. 40 ಪೌಂಡಿನ ದಪ್ಪ ನೈಲಾನ್ ಒಂದು ಮಾರು ಸೇರಿಸಿ. ಕುರುಡಿ ಮೀನಿನ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ, ತಲೆ ಕೊಡವಿದರೆ ಬ್ರೇಡ್ ಪಟ್ ಅಂತ ಹೋಗುತ್ತದೆ. ಕೆಂಬೇರಿ ಮೀನು ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ಓಡುತ್ತದೆ, ಅಲ್ಲಿಯೂ ಲೀಡರೇ ಕಾಯುವುದು.

ರೀಲನ್ನು ಮರಳಿನ ಮೇಲೆ ಇಡಬೇಡಿ, ಎಷ್ಟೇ ಸುಸ್ತಾದರೂ. ಒಂದು ಕಾಳು ಒಳಗೆ ಹೋದರೆ ಗರಗರ ಶುರು. ತೊಳೆಯುವುದು ಅದೇ ದಿನ, ಅಕ್ಕನ ಮನೆಯ ಬಾವಿಕಟ್ಟೆಯಲ್ಲೇ. ಮೊದಲು ಡ್ರ್ಯಾಗ್ ಬಿಗಿ ಮಾಡಿ, ಇಲ್ಲದಿದ್ದರೆ ನೀರು ಬಿಲ್ಲೆಗಳ ಒಳಗೆ ಹೋಗುತ್ತದೆ. ಚೊಂಬಿನಿಂದ ಮೆಲ್ಲಗೆ ಸುರಿಯಿರಿ. ಪೈಪಿನಲ್ಲಿ ರಭಸದಿಂದ ಬಿಟ್ಟರೆ ಹೊರಗಿದ್ದ ಉಪ್ಪನ್ನು ನೀವೇ ಒಳಗೆ ನೂಕಿದ ಹಾಗೆ. ಬಕೆಟಿನಲ್ಲಿ ಮುಳುಗಿಸಲೂಬಾರದು. ಒರೆಸಿ ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲ ಬಿಟ್ಟು ಎತ್ತಿಡಿ. ರಾಡಿನ ಉಂಗುರ, ರೀಲು ಕೂರುವ ಜಾಗ, ಗಾಳದ ಡಬ್ಬಿ ಇವನ್ನೂ ತೊಳೆಯಿರಿ. ಒಂದು ಒದ್ದೆ ಗಾಳ ಡಬ್ಬಿಗೆ ಹಾಕಿದರೆ ಉಳಿದ ಇಪ್ಪತ್ತಕ್ಕೂ ತುಕ್ಕು.

ಮಳೆಗಾಲದಲ್ಲಿ ಬರಬೇಡಿ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ದಡದಲ್ಲಿ ನಿಂತವರಿಗೂ ಆಗ ಕಡಲು ಒಳ್ಳೆಯದಲ್ಲ. ಒದ್ದೆ ಬಂಡೆಯ ಮೇಲೆ ಹತ್ತಿದವರನ್ನು ಅಲೆ ಎಳೆದುಕೊಂಡು ಹೋದದ್ದು ನಾವು ಕೇಳದ ವರ್ಷ ಇಲ್ಲ. ಯಾವ ಮೀನೂ ಅಷ್ಟು ದೊಡ್ಡದಲ್ಲ.

ಕುಣಿಗಲ್ ಕಡೆಯವನು

ಅಣ್ಣಂದಿರಾ, ತುಂಬಾ ಥ್ಯಾಂಕ್ಸ್. ಹೇಳಿದ ಹಾಗೇ ತಗೊಂಡೆ. ರೀಲು 4000, ಗ್ರಾಫೈಟ್ ಬಾಡಿ, ಬಿಡಿ ಸ್ಪೂಲ್ ಜೊತೆಗೇ ಬಂತು, 4,300 ರೂಪಾಯಿ. ರಾಡು ಎಂಟಡಿ, 1,900. ಹತ್ತಿ ಒಯ್ದಿದ್ದೆ, ಮೊದಲು ಕೊಟ್ಟ ರಾಡಿನ ತುದಿ ಉಂಗುರದಲ್ಲಿ ಎಳೆ ಸಿಕ್ಕಿಕೊಳ್ತು, ಅಂಗಡಿಯವರೇ ನೋಡಿ ಬದಲಾಯಿಸಿ ಕೊಟ್ರು.

ಭಾನುವಾರ ಬೆಳಿಗ್ಗೆ ಹಿನ್ನೀರಿಗೆ ಹೋದೆ. ನೈಲಾನ್ ಸ್ಪೂಲಲ್ಲಿ ಒಂದು ಗೆಂಡೆ ಬಂತು, ಒಂದೂವರೆ ಕೆಜಿ ಇರಬಹುದು. ಅದು ಓಡಿದಾಗ ಡ್ರ್ಯಾಗ್ ಝರ್ರಂದ ಸದ್ದು ಇನ್ನೂ ಕಿವೀಲಿದೆ. ಆಮೇಲೆ ಬ್ರೇಡ್ ಸ್ಪೂಲ್ ಹಾಕಿ ರಬ್ಬರ್ ಕಪ್ಪೆ ಬೀಸೋಕೆ ಶುರು ಮಾಡಿದೆ. ಜೊಂಡಲ್ಲಿ ಸಿಕ್ಕಾಕ್ಕೊಳ್ತು, ಎಳೆದ್ರೆ ದಾರ ಬರ್ತಾನೇ ಇದೆ. ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದ್ರೂ ಜಾರುತ್ತೆ. ನೈಲಾನ್‌ನಲ್ಲಿ ಹಾಗಾಗಲಿಲ್ಲ. ರೀಲು ಕೆಟ್ಟಿದೆಯಾ? ವಾಪಸ್ ಕೊಡಲಾ?

ವೈಂಡಿಂಗ್ ಅಂಗಡಿ, ಗುಬ್ಬಿ

ರೀಲು ಕೆಟ್ಟಿಲ್ಲ, ಗಾಬರಿ ಬೇಡ. ಬ್ರೇಡನ್ನ ಬರೀ ಸ್ಪೂಲಿಗೆ ನೇರ ಕಟ್ಟಿದೀಯ. ಆ ದಾರ ನುಣುಪು, ಸ್ಪೂಲೂ ನುಣುಪು, ಇಡೀ ಸುತ್ತೇ ಸ್ಪೂಲಿನ ಮೇಲೆ ಜಾರ್ತಿದೆ. ಪರೀಕ್ಷೆ ಮಾಡು: ದಾರ ಎಳೆಯುವಾಗ ಸ್ಪೂಲಿನ ಅಂಚಿಗೆ ಬೆರಳಿಡು. ಸ್ಪೂಲ್ ನಿಂತಿದ್ದು ದಾರ ಮಾತ್ರ ಬರ್ತಿದ್ರೆ ಇದೇ. ಇದನ್ನ ಮೊದಲೇ ಹೇಳಬೇಕಾಗಿತ್ತು ನಾನು, ಬಿಟ್ಟುಹೋಯ್ತು. ಬ್ರೇಡ್ ಪೂರ್ತಿ ಬಿಚ್ಚಿ ಇನ್ನೊಂದು ಡಬ್ಬಕ್ಕೆ ಸುತ್ಕೋ. ಮೊದಲು ಹತ್ತು ಹದಿನೈದು ಸುತ್ತು ನೈಲಾನ್ ಹಾಕು, ಅದಕ್ಕೆ ಬ್ರೇಡ್ ಗಂಟು ಹಾಕಿ ಮತ್ತೆ ಸುತ್ತು. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರ ಬಿಗಿಯಾಗಿ ಹಿಡ್ಕೋ. ವೈಂಡಿಂಗಿನಲ್ಲೂ ಇದೇ ಮಾತು: ತಳದ ಸುತ್ತು ಸಡಿಲ ಬಿದ್ರೆ ಮೇಲಿನದ್ದೆಲ್ಲ ಅದರೊಳಗೆ ಇಳಿಯುತ್ತೆ.

ಗಾಳ ಹಾಕುವಾಗ ಡ್ರ್ಯಾಗನ್ನ ಪೂರ್ತಿ ಬಿಗಿ ಯಾವತ್ತೂ ಮಾಡಬೇಡ. 20 ಪೌಂಡ್ ಅಂದ್ರೆ 9 ಕೆಜಿ, ಅದರ ಕಾಲು ಭಾಗಕ್ಕೆ ಇಡು. ತಕ್ಕಡಿ ಬೇಕಿಲ್ಲ, ಲೀಟರ್ ನೀರಿನ ಬಾಟಲಿ ಎರಡು ಒಟ್ಟಿಗೆ ದಾರಕ್ಕೆ ಕಟ್ಟಿ ರೀಲನ್ನ ಕೈಯಲ್ಲಿ ಹಿಡಿದು ಎತ್ತು. ಎರಡು ಕೆಜಿ ಆಯ್ತಲ್ಲ, ಬಾಟಲಿ ನೆಲ ಬಿಡಬೇಕು, ಸ್ವಲ್ಪ ಜಗ್ಗಿದ ತಕ್ಷಣ ದಾರ ಬಿಟ್ಟುಕೊಡಬೇಕು. 12 ಪೌಂಡಿನ ನೈಲಾನಿಗೆ ಒಂದು ಬಾಟಲಿ, ಎರಡು ಬಾಟಲಿ ಬೇಡ. ಜೊಂಡಲ್ಲಿ ಸಿಕ್ಕಿದ್ರೆ ರಾಡಿನಿಂದ ಜಗ್ಗಬೇಡ, ತುದಿ ಮುರಿಯುತ್ತೆ. ರಾಡನ್ನ ದಾರದ ನೇರಕ್ಕೆ ಚಾಚಿ, ಕೈಗೆ ಬಟ್ಟೆ ಸುತ್ಕೊಂಡು ದಾರ ಹಿಡಿದು ಹಿಂದಕ್ಕೆ ನಡಿ. ಬರಿಗೈಯಲ್ಲಿ ಬ್ರೇಡ್ ಹಿಡಿದ್ರೆ ಬೆರಳು ಕೊಯ್ಯುತ್ತೆ.

ಇನ್ನೊಂದು. ಜೊಂಡಿನ ಹತ್ರ ನೀರಿನ ಮೇಲೆ ಕೆಂಪಗೆ, ಕುಂಕುಮ ಚೆಲ್ಲಿದ ಹಾಗೆ ಮರಿಗಳ ಗುಂಪು ಕಂಡ್ರೆ ಅಲ್ಲಿಗೆ ಕಪ್ಪೆ ಬೀಸಬೇಡ. ಕೆಳಗೆ ತಾಯಿ-ತಂದೆ ಕೊರಮೀನು ಕಾಯ್ತಿರ್ತವೆ, ಹತ್ತಿರ ಬಂದಿದ್ದಕ್ಕೆಲ್ಲ ಬಾಯಿ ಹಾಕ್ತವೆ. ಹಿಡಿಯೋದು ಸುಲಭ, ಆದ್ರೆ ಅವನ್ನ ತೆಗೆದ್ರೆ ಮರಿಗಳನ್ನೆಲ್ಲ ಬೇರೆ ಮೀನು ತಿಂದು ಮುಗಿಸ್ತವೆ. ಹಾಗೇ ಯಾವ ಕೆರೆಗೆ ಹೋದ್ರೂ ಮೀನಿನ ಗುತ್ತಿಗೆ ಯಾರದ್ದು ಅಂತ ಕೇಳಿ, ಅವರ ಒಪ್ಪಿಗೆ ತಗೊಂಡೇ ಕೂರು. ಮರಿ ಬಿಟ್ಟು ದುಡ್ಡು ಹಾಕಿರೋರು ಅವರು.

ಕುಣಿಗಲ್ ಕಡೆಯವನು

ಅಣ್ಣ, ಬೆರಳಿಟ್ಟು ನೋಡಿದೆ, ಸ್ಪೂಲ್ ನಿಂತೇ ಇತ್ತು, ದಾರ ಮಾತ್ರ ಜಾರ್ತಿತ್ತು. ನೈಲಾನ್ ಹದಿನೈದು ಸುತ್ತು ಹಾಕಿ ಮತ್ತೆ ಸುತ್ತಿದೆ, ಅಮ್ಮ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದಿದ್ರು. ಈಗ ಎರಡು ಬಾಟಲಿ ಕಟ್ಟಿ ಎತ್ತಿದ್ರೆ ನೀವು ಹೇಳಿದ ಹಾಗೇ ಬಿಡುತ್ತೆ. ಪೈಪೂ ಸಿಕ್ತು, 75 ಎಂಎಂ. ಬರೋ ತಿಂಗಳು ಎರಡನೇ ಶನಿವಾರ ಕುಂದಾಪುರಕ್ಕೆ ಟಿಕೆಟ್ ಮಾಡಿಸಿದೀನಿ. ವಾಪಸ್ ಬಂದ ಮೇಲೆ ಗುಬ್ಬಿಗೆ ಬಂದು ರೀಲು ತೋರಿಸಬಹುದಾ?

ವೈಂಡಿಂಗ್ ಅಂಗಡಿ, ಗುಬ್ಬಿ

ಬಾ. ಸಂಜೆ ಆರರ ಮೇಲೆ ಬಾ, ಅಷ್ಟು ಹೊತ್ತಿಗೆ ರೈತರ ಮೋಟಾರುಗಳೆಲ್ಲ ಹೋಗಿ ಬೆಂಚು ಖಾಲಿ ಇರುತ್ತೆ. ಅಲ್ಲೇ ಬಾವಿಕಟ್ಟೆಯಲ್ಲಿ ತೊಳೆದುಕೊಂಡೇ ಬಸ್ ಹತ್ತು. ರೋಲರ್ ಬಿಚ್ಚೋದು ಹೇಗೆ ಅಂತ ನಿನ್ನ ಕೈಯಲ್ಲೇ ಮಾಡಿಸ್ತೀನಿ.